ಎಮ್ಮೆಗೊಂದು ಜ್ವರದ ಕಡ್ಡಿ, ಕೆಚ್ಚಲಿಗೆ ಒಂದು ಚಮಚ ಸೋಪಿನ ಪುಡಿ



ಕೊಟ್ಟಿಗೆಗೆ ದುಡ್ಡು ಹಾಕುವ ಮಾತು ಬಂದರೆ ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ನೆನಪಾಗುತ್ತವೆ. ಅವು ಬೇಡವೆಂದಲ್ಲ. ಆದರೆ ದಂಡೋತಿ ಮತ್ತು ಸುತ್ತಲಿನ ಊರುಗಳಲ್ಲಿ ಒಂದೆರಡು ಎಮ್ಮೆ ಕಟ್ಟಿದ ಮನೆಗಳಿಗೆ ನಾನು ಮೊದಲು ಹೇಳುವುದು ಔಷಧ ಅಂಗಡಿಯಲ್ಲಿ ನೂರು-ಇನ್ನೂರು ರೂಪಾಯಿಗೆ ಸಿಗುವ ಡಿಜಿಟಲ್ ಥರ್ಮಾಮೀಟರ್, ಅಂದರೆ ಜ್ವರದ ಕಡ್ಡಿ. ಗಾಜಿನದು ಬೇಡ, ದನ ಕೊಸರಿದರೆ ಒಡೆಯುತ್ತದೆ, ಒಳಗಿನ ಪಾದರಸ ವಿಷ.

ಎಮ್ಮೆ ಮೇವು ಬಿಟ್ಟಿದೆ, ಕಣ್ಣು ಮಂಕಾಗಿದೆ ಎಂಬುದು ಮನೆಯಲ್ಲಿ ಮೊದಲು ತಿಳಿಯುವುದು ನಿಮಗೇ. ಆದರೆ "ಯಾಕೋ ಸಪ್ಪಗಿದೆ" ಎಂದರೆ "ನಾಳೆ ನೋಡೋಣ" ಎಂಬ ಉತ್ತರ ಬರುತ್ತದೆ. "105 ಜ್ವರ ಇದೆ" ಎಂದರೆ ಯಾರೂ ನಾಳೆ ಅನ್ನುವುದಿಲ್ಲ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿ ದಂಡೋತಿ ಸೇತುವೆ ಮೇಲೆ ನೀರು ಬಂದರೆ ನಾವು ತಲುಪುವುದೇ ತಡ. ಆಗ ಫೋನಿನಲ್ಲಿ ನೀವು ಹೇಳುವ ಒಂದು ಅಂಕಿ ನಮಗೆ ಅರ್ಧ ಪರೀಕ್ಷೆ ಇದ್ದಂತೆ.

ನೋಡುವುದು ಕಷ್ಟವಲ್ಲ. ದನವನ್ನು ಕಟ್ಟಿ, ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕಡ್ಡಿಯ ತುದಿಗೆ ಸ್ವಲ್ಪ ಎಣ್ಣೆ ಸವರಿ, ಬಾಲ ಸರಿಸಿ, ಗುದದೊಳಗೆ ಎರಡು ಬೆರಳಗಲ ಸೇರಿಸಿ, ಒಂದು ಬದಿಗೆ ವಾಲಿಸಿ ಹಿಡಿಯಿರಿ. ತುದಿ ಒಳಗೋಡೆಗೆ ತಾಗಬೇಕು. ಸಗಣಿಯೊಳಗೆ ನೆಟ್ಟರೆ ಅಂಕಿ ತಪ್ಪುತ್ತದೆ. ಬೀಪ್ ಆಗುವವರೆಗೂ ಕೈ ಬಿಡಬೇಡಿ. ಆಮೇಲೆ ತಣ್ಣೀರು, ಸೋಪಿನಲ್ಲಿ ತೊಳೆದು, ಕೆಂಪು ದಾರ ಕಟ್ಟಿ ಕೊಟ್ಟಿಗೆಯಲ್ಲೇ ಇಡಿ. ಮಕ್ಕಳ ಜ್ವರ ನೋಡುವ ಕಡ್ಡಿ ಬೇರೆಯೇ ಇರಲಿ!

ಆರೋಗ್ಯವಂತ ಆಕಳಿಗೆ ಸುಮಾರು 101.5 ಡಿಗ್ರಿ, ಎಮ್ಮೆಗೆ ಅದಕ್ಕಿಂತ ತುಸು ಕಡಿಮೆ, ಕರುವಿಗೆ ತುಸು ಹೆಚ್ಚು. ಕಡ್ಡಿ 38.6 ಎಂದು ತೋರಿಸಿದರೆ ಗಾಬರಿ ಬೇಡ, ಅದು ಸೆಂಟಿಗ್ರೇಡ್ ಲೆಕ್ಕ, 101.5 ಅಂದರೂ ಅದೇ. ದನ ಚೆನ್ನಾಗಿರುವಾಗಲೇ ಮೂರು ದಿನ ಬೆಳಿಗ್ಗೆ ನೋಡಿ, ಹಾಲಿನ ಪಾಸ್ ಪುಸ್ತಕದ ಹಿಂದೆ ಬರೆದಿಡಿ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿಲಿನಿಂದ ಬಂದ ಎಮ್ಮೆಗೆ ರೋಗವಿಲ್ಲದೆಯೂ 103 ತೋರಿಸಬಹುದು. ಅದರ ಚರ್ಮ ಕಪ್ಪು, ಬೆವರುವುದೂ ಕಡಿಮೆ. ನೆರಳಿಗೆ ಕಟ್ಟಿ, ಮೈಮೇಲೆ ನೀರು ಸುರಿದು, ಒಂದು ತಾಸು ಬಿಟ್ಟು ಮತ್ತೆ ನೋಡಿ. ತಂಪು ಹೊತ್ತಿನಲ್ಲೂ 103 ದಾಟಿದ್ದರೆ ಫೋನ್ ಮಾಡಿ. ಮಳೆಗಾಲದಲ್ಲಿ ಎಮ್ಮೆಗೆ 105 ದಾಟಿ, ಗಂಟಲು ಊದಿ, ಉಸಿರು ಗೊರಗೊರ ಎಂದರೆ ಗಳಲೆ ರೋಗದ ಶಂಕೆ. ಒಂದೆರಡು ದಿನದಲ್ಲಿ ಜೀವ ಹೋಗುವ ರೋಗವಿದು. ಜ್ವರ ಶುರುವಾದಾಗಲೇ ಸಿಕ್ಕರೆ ಮಾತ್ರ ಔಷಧ ಹಿಡಿಯುತ್ತದೆ.

ಕಡಿಮೆ ಅಂಕಿಯೂ ಅಷ್ಟೇ ಮುಖ್ಯ. ಕರು ಹಾಕಿದ ಮೂರು ದಿನದೊಳಗೆ ಚೆನ್ನಾಗಿ ಹಾಲು ಕೊಡುವ ದನ ಕುಸಿದು ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡರೆ ಅದನ್ನು ಹಾಲುಜ್ವರ ಎನ್ನುತ್ತೇವೆ. ಹೆಸರಷ್ಟೇ ಜ್ವರ! ಕಿವಿ ತಣ್ಣಗಿರುತ್ತದೆ, ಕಡ್ಡಿ ಇಟ್ಟರೆ 100ಕ್ಕಿಂತ ಕೆಳಗೂ ತೋರಿಸಬಹುದು. ರಕ್ತದಲ್ಲಿನ ಸುಣ್ಣದಂಶವೆಲ್ಲ ಹಾಲಿಗೆ ಹೋಗಿ ಸ್ನಾಯುಗಳು ಸೋತಿರುತ್ತವೆ. ಆಗ ಜ್ವರದ ಗುಳಿಗೆ ಕೊಡಬೇಡಿ. ಬೆಲ್ಲದ ನೀರು, ಎಣ್ಣೆ, ಯಾವುದನ್ನೂ ಗೊಟ್ಟದಿಂದ ಸುರಿಯಬೇಡಿ. ನುಂಗುವ ಶಕ್ತಿ ಇಲ್ಲದ್ದರಿಂದ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎರಡೂ ಬದಿಗೆ ಹೊಟ್ಟು ತುಂಬಿದ ಚೀಲ ಇಟ್ಟು, ಎದೆಯ ಮೇಲೆ ಕೂರಿಸಿ, ಕೂಡಲೇ 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋದರೆ ಬಹಳಷ್ಟು ದನಗಳು ಕೆಲವೇ ತಾಸಿನಲ್ಲಿ ಎದ್ದು ನಿಲ್ಲುತ್ತವೆ.

ಇನ್ನು ಬಟ್ಟೆ ಒಗೆಯುವ ಪುಡಿ. ಕೆಚ್ಚಲು ಬಾವು ಹೊರಗೆ ಕಾಣುವ ಮೊದಲೇ ಒಳಗೆ ಇರುತ್ತದೆ. ಹಾಲು ದಿನಕ್ಕೆ ಕಾಲು, ಅರ್ಧ ಲೀಟರಿನಂತೆ ಇಳಿಯುತ್ತದೆ, ನಾವು ಮೇವನ್ನು ಬೈಯುತ್ತೇವೆ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕದಡಿ. ನಾಲ್ಕು ಹಳೆಯ ಬಟ್ಟಲು ತೆಗೆದುಕೊಂಡು, ಮೊದಲ ಒಂದೆರಡು ಧಾರೆ ಬಿಟ್ಟು, ಒಂದೊಂದು ಮೊಲೆಯ ಹಾಲನ್ನು ಒಂದೊಂದರಲ್ಲಿ ಹಿಡಿಯಿರಿ. ಹಾಲಿನಷ್ಟೇ ಸೋಪಿನ ನೀರು ಹಾಕಿ ಒಂದು ನಿಮಿಷ ಮೆಲ್ಲಗೆ ತಿರುಗಿಸಿ. ಚೆನ್ನಾಗಿದ್ದರೆ ನೀರಾಗಿಯೇ ಇರುತ್ತದೆ. ಸೋಂಕಿದ್ದರೆ ಲೋಳೆಯಂತೆ ಗಟ್ಟಿಯಾಗುತ್ತದೆ. ಸೋಂಕಿನೊಡನೆ ಹೋರಾಡಲು ಬಂದ ರಕ್ತಕಣಗಳನ್ನು ಸೋಪು ಒಡೆಯುವುದರಿಂದ ಹೀಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಕರು ಹಾಕಿದ ಮೊದಲ ವಾರ ಮತ್ತು ಹಾಲು ಬತ್ತಿಸುವ ದಿನಗಳಲ್ಲಿ ಬೇಡ, ಆಗ ರೋಗವಿಲ್ಲದೆಯೂ ಗಟ್ಟಿಯಾಗುತ್ತದೆ. ಬಟ್ಟಲಿನ ಹಾಲನ್ನು ಕೊಟ್ಟಿಗೆಯಿಂದ ದೂರ ಚೆಲ್ಲಿ, ನಾಯಿಗೂ ಹಾಕಬೇಡಿ.

ಒಂದು ಬಟ್ಟಲು ಗಟ್ಟಿಯಾಯಿತೆಂದು ಅಂಗಡಿಯಿಂದ ಸೂಜಿಮದ್ದು ತಂದು ಮೊಲೆಗೆ ಏರಿಸುವ ಆತುರ ಬೇಡ. ಆ ದನವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಕೈ ತೊಳೆಯಿರಿ, ಯಾವ ಮೊಲೆ ಎಂದು ಗುರುತಿಟ್ಟು ನಮಗೆ ತಿಳಿಸಿ. ಮದ್ದು ನಡೆಯುವಾಗಲೂ, ಅದು ಮುಗಿದ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ಮನೆಯ ಚಹಾಕ್ಕೂ ಬಳಸುವಂತಿಲ್ಲ.