ಮನೆತನದ ಚರಿತ್ರೆಯಿಂದ ಕಲಾಕೃತಿ: ಮಾಡಬೇಕಾದ್ದು, ಮಾಡಬಾರದ್ದು

ಸೋಲದೇವನಹಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ ಹಳೆ ಫೋಟೊ, ಪಹಣಿ, ಅಜ್ಜಿಯ ಸೀರೆ, ಹೊಲದ ಮಣ್ಣು ಸೇರಿಸಿ ಮನೆತನದ ಕಥೆಯನ್ನು ಕಲಾಕೃತಿಯಾಗಿಸುವ ಎಲ್ಲರ ಗಮನಕ್ಕೆ. ಇಲ್ಲಿ ಹೊಲಗಳು ಲೇಔಟ್ ಆಗಿವೆ. ಟ್ರಂಕಿನ ತಳದ ಕಾಗದವೇ ಹಲವು ಮನೆಗಳಿಗೆ ಉಳಿದ ಸಾಕ್ಷಿ. ಆದ್ದರಿಂದ ನಿಯಮ ಒಂದೇ: ಕೃತಿಗೆ ನಕಲು, ಪೆಟ್ಟಿಗೆಗೆ ಮೂಲ.

ಮಾಡಬೇಕಾದ್ದು

1. ಮೊದಲು ಹಿರಿಯರನ್ನು ಮಾತಾಡಿಸಿ. ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಹೇಳಿದವರ ಹೆಸರು, ದಿನಾಂಕ ಬರೆದಿಡಿ. ಮನೆತನಗಳ ವಂಶಾವಳಿ ಬರೆದಿಡುವ ಹೆಳವರು ಬಂದರೆ ಅದನ್ನು ಓದಿಸಿ ಕೇಳಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ.

2. ಫೋಟೊ, ಪತ್ರಗಳ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯ ಸ್ಟುಡಿಯೊ ಮುದ್ರೆಯೂ ದಾಖಲೆಯೇ.

3. ಮನೆಯಲ್ಲಿ ಸಿಗದ ಜಮೀನಿನ ಕಾಗದಕ್ಕೆ ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲು ಕೇಳಿ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಿ.

4. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ. ಕಣ, ತೋಪು, ಗೋಕಟ್ಟೆ, ಹೊಲಗಳ ಹಳೆಯ ಹೆಸರುಗಳನ್ನು ಅದರ ಮೇಲೆ ದಾರದಲ್ಲಿ ಹೊಲಿಯಿರಿ.

5. ಹೊಲದ ಕೆಮ್ಮಣ್ಣನ್ನು ನೀರಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಜಾಲಿ ಗೋಂದಿನಲ್ಲಿ ಅರೆದು ಬಣ್ಣ ಮಾಡಿಕೊಳ್ಳಿ.

6. ಹೆಣ್ಣುಮಕ್ಕಳ, ಸೊಸೆಯರ ಹೆಸರು ಕಡ್ಡಾಯ. 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಮಗಳನ್ನು ಮಗನ ಸಮಕ್ಕೆ ನಿಲ್ಲಿಸಿದೆ. ನೀವು ಬರೆಯುವ ವಂಶವೃಕ್ಷದಲ್ಲಿ ಅವಳನ್ನು ಬಿಡುವುದು ಅನ್ಯಾಯ.

ಮಾಡಬಾರದ್ದು

1. ಮೂಲ ಕ್ರಯಪತ್ರ, ವಿಭಾಗಪತ್ರ, ಹಳೆ ಪಹಣಿಗೆ ಕತ್ತರಿ, ಬಣ್ಣ, ಅಂಟು ತಾಗಿಸಬೇಡಿ. ನಾಳೆ ಕೋರ್ಟಿನಲ್ಲಿ ಅದೇ ಬೇಕಾಗಬಹುದು.

2. ಮೂಲ ಫೋಟೊಗೆ ಸೆಲೊಟೇಪ್, ಫೆವಿಕಾಲ್, ಲ್ಯಾಮಿನೇಶನ್ ಬೇಡ. ಟೇಪಿನ ಅಂಟು ಹಳದಿಗಟ್ಟಿ ಕಲೆ ಬಿಡುತ್ತದೆ. ಲ್ಯಾಮಿನೇಶನ್ ಬಿಡಿಸಹೋದರೆ ಚಿತ್ರವೇ ಕಿತ್ತು ಬರುತ್ತದೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ. ಮೆತ್ತನೆಯ ಪೆನ್ಸಿಲ್ ಸಾಕು.

3. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆಯರೆಲ್ಲ ಒಪ್ಪುವ ತನಕ ಅಜ್ಜಿಯ ಸೀರೆ ಕತ್ತರಿಸಬೇಡಿ. ಒಪ್ಪಿದರೂ ಹರಿದ ಭಾಗವನ್ನಷ್ಟೇ ಬಳಸಿ.

4. ವೀರಗಲ್ಲು, ಮಾಸ್ತಿಕಲ್ಲಿನ ಅಚ್ಚು ತೆಗೆಯಲು ಮಸಿ, ಎಣ್ಣೆ, ಸುಣ್ಣ ಬಳಿಯಬೇಡಿ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಅಕ್ಷರ ಉಳಿದದ್ದರಿಂದಲೇ ಅವನ ಹೆಸರು ನಮಗೆ ದಕ್ಕಿತು. ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಕೆತ್ತನೆ ಎದ್ದು ಕಾಣುತ್ತದೆ.

5. ಬದುಕಿರುವವರ ಆಧಾರ್ ಸಂಖ್ಯೆ, ಸಹಿ, ಕಾಯಿಲೆ, ವ್ಯಾಜ್ಯದ ವಿವರ ಯಾವುದನ್ನೂ ಕೃತಿಯಲ್ಲಿ ತೋರಿಸಬೇಡಿ.

6. ಗೊತ್ತಿಲ್ಲದ ಹೆಸರು, ಇಸವಿಯನ್ನು ಊಹಿಸಿ ತುಂಬಬೇಡಿ. ಆ ಜಾಗ ಖಾಲಿ ಇರಲಿ. ತಿಳಿದವರು ಮುಂದೆ ತುಂಬಿಯಾರು.

ಮುಗಿದ ಕೃತಿಯನ್ನು ಮೊದಲು ಮನೆಯವರಿಗೆ ತೋರಿಸಿ. ತಮ್ಮ ಬಗ್ಗೆ ಇದು ಬೇಡ ಎಂದು ಯಾರಾದರೂ ಹೇಳಿದರೆ ಆ ಭಾಗ ತೆಗೆಯಿರಿ. ಆಮೇಲಷ್ಟೇ ಪ್ರದರ್ಶನಕ್ಕೆ ಇಡಿ.