ನಗೆಯ ಹಿಂದಿನ ದೇಹ: ಹಾಲಿವುಡ್ ಚಲನಚಿತ್ರಗಳಲ್ಲಿ ಸರ್ಕಸ್ ಕಲಾವಿದರ ಚಿತ್ರಣ (1924–1956)

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಜನಸಾಮಾನ್ಯರ ಮನರಂಜನೆಯ ಲೋಕವನ್ನು ಸರ್ಕಸ್ ಮತ್ತು ಸಿನಿಮಾ ಹಂಚಿಕೊಂಡಿದ್ದವು. ರೈಲಿನಲ್ಲಿ ಊರಿಂದೂರಿಗೆ ಸಾಗುತ್ತಿದ್ದ ದೊಡ್ಡ ಸರ್ಕಸ್ ಕಂಪನಿಗಳು ಬೆಳಗ್ಗೆ ಡೇರೆ ಎತ್ತಿ, ಆಟ ಮುಗಿಸಿ, ರಾತ್ರಿಯೇ ಡೇರೆ ಬಿಚ್ಚಿ ಮುಂದಿನ ಊರಿಗೆ ಹೊರಡುತ್ತಿದ್ದವು. ಅವುಗಳ ಪ್ರೇಕ್ಷಕರನ್ನು ಸಿನಿಮಾ ಕ್ರಮೇಣ ತನ್ನೆಡೆಗೆ ಸೆಳೆದುಕೊಂಡಿತು. ಹೀಗೆ ಸಿನಿಮಾ ಸರ್ಕಸ್ಸಿನ ಪ್ರತಿಸ್ಪರ್ಧಿಯಾಗಿದ್ದಂತೆಯೇ ಅದರ ವಾರಸುದಾರನೂ ಆಗಿತ್ತು. ಇನ್ನೊಬ್ಬರ ದೇಹದ ಸಾಹಸವನ್ನೋ ಅವಮಾನವನ್ನೋ ಹಣ ಕೊಟ್ಟು ನೋಡುವ ವ್ಯವಸ್ಥೆ ಎರಡಕ್ಕೂ ಸಮಾನವಾದುದು. ಆದ್ದರಿಂದ ಹಾಲಿವುಡ್ ಸರ್ಕಸ್ಸನ್ನು ವಸ್ತುವಾಗಿ ಆರಿಸಿಕೊಂಡಾಗಲೆಲ್ಲ ಅದು ಒಂದರ್ಥದಲ್ಲಿ ತನ್ನ ಬಗೆಗೇ ಮಾತನಾಡುತ್ತಿತ್ತು ಎನ್ನಬಹುದು.

ಡೇರೆಯೊಳಗಿನ ಪ್ರೇಕ್ಷಕ ನಗಬೇಕಾದರೆ, ಬೆರಗಾಗಬೇಕಾದರೆ, ಕಣದಲ್ಲಿರುವ ದೇಹಕ್ಕೆ ನೋವಿಲ್ಲವೆಂದು ಅವನು ಸ್ವಲ್ಪ ಹೊತ್ತಾದರೂ ನಂಬಬೇಕಾಗುತ್ತದೆ. ಬಿದ್ದವನು ಏಳುತ್ತಾನೆ, ಹೊಡೆಸಿಕೊಂಡವನು ನಗುತ್ತಾನೆ ಎಂಬ ಈ ನಂಬಿಕೆಯ ಮೇಲೆಯೇ ಸರ್ಕಸ್ಸಿನ ಅರ್ಥವ್ಯವಸ್ಥೆ ನಿಂತಿದೆ. ಈ ನಂಬಿಕೆಯನ್ನು ಹಾಲಿವುಡ್ ಹೇಗೆ ಪರೀಕ್ಷೆಗೆ ಒಡ್ಡಿತು, ಯಾವ ಘಟ್ಟದಲ್ಲಿ ಅದರೊಡನೆ ರಾಜಿ ಮಾಡಿಕೊಂಡಿತು ಎಂಬುದನ್ನು ಆರು ಚಿತ್ರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಪಾಳಕ್ಕೆ ಬಿದ್ದ ಏಟು ಮತ್ತು ಪ್ರೇಕ್ಷಕನ ನಗೆ

ಸ್ವೀಡನ್ನಿನಿಂದ ಬಂದ ನಿರ್ದೇಶಕ ವಿಕ್ಟರ್ ಶೋಸ್ಟ್ರೋಮ್ 1924ರಲ್ಲಿ 'ಹೀ ಹೂ ಗೆಟ್ಸ್ ಸ್ಲ್ಯಾಪ್ಡ್' ಚಿತ್ರವನ್ನು ನಿರ್ಮಿಸಿದ. ರಷ್ಯನ್ ಲೇಖಕ ಲಿಯೋನಿದ್ ಆಂದ್ರೇಯೆವ್‌ನ ನಾಟಕ ಇದರ ಮೂಲ. ಆಗಷ್ಟೇ ರೂಪುಗೊಂಡಿದ್ದ ಎಂಜಿಎಂ ಸಂಸ್ಥೆ ಕೈಗೆತ್ತಿಕೊಂಡ ಮೊದಲ ಚಿತ್ರವೂ ಇದೇ. ಲಾನ್ ಚೇನಿ ಅಭಿನಯಿಸಿದ ನಾಯಕ ಒಬ್ಬ ವಿಜ್ಞಾನಿ. ಅವನ ಸಂಶೋಧನೆಯನ್ನೂ ಹೆಂಡತಿಯನ್ನೂ ಅಪಹರಿಸಿದ ಶ್ರೀಮಂತನೊಬ್ಬ ವಿದ್ವತ್ಸಭೆಯಲ್ಲಿ ಅವನ ಕಪಾಳಕ್ಕೆ ಹೊಡೆಯುತ್ತಾನೆ, ಸಭೆ ನಗುತ್ತದೆ. ಆ ಒಂದು ಏಟನ್ನೇ ವೃತ್ತಿಯನ್ನಾಗಿಸಿಕೊಂಡು ಅವನು ಸರ್ಕಸ್ಸಿನಲ್ಲಿ ವಿದೂಷಕನಾಗುತ್ತಾನೆ. ಪ್ರತಿರಾತ್ರಿ ಸತ್ಯವನ್ನು ಹೇಳಲು ಬಾಯಿ ತೆರೆಯುವುದು, ಪ್ರತಿಸಲವೂ ಸಹ ವಿದೂಷಕರಿಂದ ಏಟು ತಿನ್ನುವುದು, ಇದೇ ಅವನ ಆಟ.

ಇಲ್ಲಿ ಗಮನಿಸಬೇಕಾದುದು ಎರಡು ಸಭೆಗಳ ಸಾದೃಶ್ಯ. ವಿದ್ವಾಂಸರ ಸಭೆ ಮತ್ತು ಸರ್ಕಸ್ಸಿನ ಪ್ರೇಕ್ಷಕ ಸಮೂಹ ಒಂದೇ ನಗೆಯನ್ನು ನಗುತ್ತವೆ. ಕೊನೆಯಲ್ಲಿ ಮಾರಣಾಂತಿಕವಾಗಿ ಇರಿತಕ್ಕೊಳಗಾದ ವಿದೂಷಕ ಕಣಕ್ಕೆ ಬಂದಾಗಲೂ ಪ್ರೇಕ್ಷಕರು ಅದನ್ನು ಆಟವೆಂದೇ ಭಾವಿಸುತ್ತಾರೆ. ಚಿತ್ರದ ಆರೋಪ ಖಳನಾಯಕನೊಬ್ಬನ ಮೇಲೆ ಮಾತ್ರವಿಲ್ಲ, ನಗುವವರೆಲ್ಲರ ಮೇಲೂ ಇದೆ.

2. ಕೂಲಿಯ ಅರಿವು

ಚಾರ್ಲಿ ಚಾಪ್ಲಿನ್‌ನ 'ದಿ ಸರ್ಕಸ್' (1928) ಇದೇ ನಗೆಯನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ಪೊಲೀಸರಿಂದ ತಪ್ಪಿಸಿಕೊಂಡು ಓಡುವ ಅಲೆಮಾರಿ ಆಕಸ್ಮಿಕವಾಗಿ ಕಣದೊಳಗೆ ನುಗ್ಗುತ್ತಾನೆ; ಅವನ ಗಾಬರಿಯನ್ನು ಕಂಡು ಜನ ನಕ್ಕು ಚಪ್ಪಾಳೆ ತಟ್ಟುತ್ತಾರೆ. ಆದರೆ ನಗಿಸೆಂದು ಹೇಳಿದಾಗ ಅವನಿಗೆ ನಗಿಸಲಾಗುವುದಿಲ್ಲ. ಇದನ್ನು ಅರಿತ ಮಾಲೀಕ ಅವನನ್ನು ಸಾಮಾನು ಹೊರುವ ಆಳಾಗಿಯೇ ಉಳಿಸಿಕೊಂಡು, ಅವನೇ ಪ್ರದರ್ಶನದ ಮುಖ್ಯ ಆಕರ್ಷಣೆ ಎಂಬ ಸಂಗತಿಯನ್ನು ಅವನಿಗೆ ತಿಳಿಯಗೊಡುವುದಿಲ್ಲ. ಅವನಿಗೆ ಆ ಕೆಲಸ ದೊರೆತದ್ದಾದರೂ ಸಂಬಳ ಸಿಗದ ಹಳೆಯ ಆಳುಗಳು ಕೆಲಸ ಬಿಟ್ಟುಹೋದ ಕಾರಣದಿಂದ.

ಶ್ರಮಿಕನ ಅಜ್ಞಾನವೇ ಮಾಲೀಕನ ಲಾಭ ಎಂಬ ತಿಳಿವಳಿಕೆ ಈ ಹಾಸ್ಯಚಿತ್ರದ ಒಡಲಲ್ಲಿದೆ. ಮಾಲೀಕನ ಮಲಮಗಳು ನಿಜವನ್ನು ತಿಳಿಸಿದ ಬಳಿಕ ಅಲೆಮಾರಿ ಮೊದಲು ಮಾಡುವ ಕೆಲಸವೆಂದರೆ ಸಂಬಳಕ್ಕಾಗಿ ಚೌಕಾಸಿ. ಹಸಿವು ಮತ್ತು ಹೊಡೆತಗಳಿಂದ ನರಳುವ ಆ ಹುಡುಗಿಯನ್ನು ನಡೆಸಿಕೊಳ್ಳುವ ರೀತಿ ಬದಲಾಗಬೇಕೆಂದೂ ಅವನು ಪಟ್ಟು ಹಿಡಿಯುತ್ತಾನೆ. ಚಿತ್ರದ ಅಂತ್ಯದಲ್ಲಿ ಬಂಡಿಗಳೆಲ್ಲ ಹೊರಟುಹೋಗುತ್ತವೆ; ಬಯಲಿನಲ್ಲಿ ಉಳಿದ ಕಣದ ವೃತ್ತಾಕಾರದ ಗುರುತಿನ ನಡುವೆ ಅಲೆಮಾರಿ ಒಬ್ಬನೇ ಕುಳಿತಿರುತ್ತಾನೆ. ಸರ್ಕಸ್ ಅವನಿಗೆ ಅನ್ನ ಕೊಟ್ಟಿತೇ ಹೊರತು ನೆಲೆಯನ್ನು ಕೊಡಲಿಲ್ಲ.

3. ಊಟದ ಪಂಕ್ತಿಯ ಪ್ರಶ್ನೆ

ಟಾಡ್ ಬ್ರೌನಿಂಗ್ ಹದಿಹರೆಯದಲ್ಲಿಯೇ ಮನೆ ಬಿಟ್ಟು ಅಲೆಮಾರಿ ಪ್ರದರ್ಶನ ತಂಡಗಳನ್ನು ಸೇರಿದ್ದವನು. 'ಡ್ರಾಕುಲಾ' (1931) ಚಿತ್ರದ ಯಶಸ್ಸಿನ ಬಳಿಕ ಅವನು ಎಂಜಿಎಂಗಾಗಿ 'ಫ್ರೀಕ್ಸ್' (1932) ನಿರ್ದೇಶಿಸಿದ. ಮುಖ್ಯ ಡೇರೆಯ ಪಕ್ಕದಲ್ಲಿ ನಡೆಯುತ್ತಿದ್ದ 'ಸೈಡ್‌ಶೋ'ಗಳಲ್ಲಿ ಅಸಾಮಾನ್ಯ ದೇಹರಚನೆಯ ವ್ಯಕ್ತಿಗಳನ್ನು ನೋಟದ ವಸ್ತುವಾಗಿ ಇರಿಸಲಾಗುತ್ತಿತ್ತು. ಬ್ರೌನಿಂಗ್ ಆ ಪಾತ್ರಗಳಿಗೆ ನಟರಿಗೆ ವೇಷ ಹಾಕಿಸದೆ ಆ ವೃತ್ತಿಯ ಕಲಾವಿದರನ್ನೇ ಕರೆತಂದ. ಸೊಂಟದ ಕೆಳಭಾಗವಿಲ್ಲದ ಜಾನಿ ಎಕ್, ಕೈಕಾಲುಗಳಿಲ್ಲದ ಪ್ರಿನ್ಸ್ ರಾಂಡಿಯನ್, ದೇಹ ಕೂಡಿಕೊಂಡು ಹುಟ್ಟಿದ ಅವಳಿ ಸೋದರಿಯರಾದ ಡೈಸಿ ಮತ್ತು ವಯೊಲೆಟ್ ಹಿಲ್ಟನ್ ಮೊದಲಾದವರು ಇದರಲ್ಲಿದ್ದಾರೆ.

ಚಿತ್ರದ ವೈಶಿಷ್ಟ್ಯವಿರುವುದು ಅದು ಏನನ್ನು ತೋರಿಸುವುದಿಲ್ಲ ಎಂಬುದರಲ್ಲಿ. ಈ ಕಲಾವಿದರು ಪ್ರೇಕ್ಷಕರ ಮುಂದೆ ಆಟ ಪ್ರದರ್ಶಿಸುವ ದೃಶ್ಯಗಳು ಇಲ್ಲವೆನ್ನುವಷ್ಟು ಕಡಿಮೆ. ಬಟ್ಟೆ ಒಣಹಾಕುವುದು, ಮಗು ಹುಟ್ಟಿದ್ದಕ್ಕೆ ಸಂತೋಷಪಡುವುದು, ಮದುವೆ ನಿಶ್ಚಯಿಸುವುದು, ಕಾಲ್ಬೆರಳಿನಿಂದ ಲೋಟ ಹಿಡಿದು ಕುಡಿಯುವುದು, ಬಾಯಿಯಿಂದಲೇ ಬೆಂಕಿಕಡ್ಡಿ ಗೀರಿ ಸಿಗರೇಟು ಹೊತ್ತಿಸುವುದು ಮುಂತಾದ ನಿತ್ಯದ ವ್ಯವಹಾರಗಳೇ ಇಲ್ಲಿ ತುಂಬಿವೆ. ಕುಳ್ಳ ದೇಹದ ಹ್ಯಾನ್ಸ್‌ನ ಆಸ್ತಿಗಾಗಿ ಅವನನ್ನು ಮದುವೆಯಾಗುವ ಸುಂದರಿ ಕ್ಲಿಯೋಪಾತ್ರಳನ್ನು ಮದುವೆಯ ಔತಣದಲ್ಲಿ ಉಳಿದವರು ತಮ್ಮವಳೆಂದು ಘೋಷಿಸಿ ಒಂದೇ ಪಾತ್ರೆಯಿಂದ ಕುಡಿಯಲು ಕರೆಯುತ್ತಾರೆ. ಅವಳು ಅಸಹ್ಯಪಟ್ಟು ಅವರನ್ನು ನಿಂದಿಸುತ್ತಾಳೆ. ಸಹಭೋಜನದ ನಿರಾಕರಣೆಯೇ ಚಿತ್ರದ ನೈತಿಕ ಕೇಂದ್ರ.

ತೆರೆಯ ಮೇಲಿನ ಈ ಪ್ರಸಂಗಕ್ಕೆ ತೆರೆಯ ಹೊರಗೂ ಒಂದು ಪ್ರತಿರೂಪವಿದೆ. ಚಿತ್ರೀಕರಣದ ಅವಧಿಯಲ್ಲಿ ಈ ಕಲಾವಿದರಲ್ಲಿ ಹೆಚ್ಚಿನವರನ್ನು ಸ್ಟುಡಿಯೋದ ಊಟದ ಮನೆಯಿಂದ ದೂರವಿರಿಸಿ ಅವರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಲಾಗಿತ್ತು ಎಂಬುದು ಚಲನಚಿತ್ರ ಚರಿತ್ರಕಾರರು ದಾಖಲಿಸಿರುವ ಸಂಗತಿ. ಕ್ಲಿಯೋಪಾತ್ರಳ ನಡವಳಿಕೆಯನ್ನು ಖಂಡಿಸುವ ಚಿತ್ರವನ್ನು ತಯಾರಿಸಿದ ಸಂಸ್ಥೆಯಲ್ಲೇ ಅದೇ ನಡವಳಿಕೆ ಜೀವಂತವಾಗಿತ್ತು. ಪೂರ್ವಪ್ರದರ್ಶನದಲ್ಲಿ ಪ್ರತಿಕೂಲ ಪ್ರತಿಕ್ರಿಯೆ ಬಂದ ಮೇಲೆ ಸುಮಾರು ಒಂದೂವರೆ ಗಂಟೆಯ ಚಿತ್ರವನ್ನು 64 ನಿಮಿಷಗಳಿಗೆ ಇಳಿಸಲಾಯಿತು. ಬ್ರಿಟನ್ನಿನಲ್ಲಿ ಸುಮಾರು ಮೂರು ದಶಕ ಅದಕ್ಕೆ ನಿಷೇಧವಿತ್ತು.

ಆದರೂ ಚಿತ್ರದಲ್ಲೊಂದು ಒಳವಿರೋಧವಿದೆ. ಅಷ್ಟು ಹೊತ್ತು ನೆರೆಹೊರೆಯವರಂತೆ ಕಂಡವರನ್ನೇ ಕೊನೆಯಲ್ಲಿ ಮಳೆ ಸುರಿಯುವ ರಾತ್ರಿಯ ಕೆಸರಿನಲ್ಲಿ ಆಯುಧ ಹಿಡಿದು ತೆವಳಿ ಬರುವ ಭೀಕರ ಆಕೃತಿಗಳನ್ನಾಗಿ ಅದು ಮಾರ್ಪಡಿಸುತ್ತದೆ. ಯಾವ ನೋಟವನ್ನು ಪ್ರಶ್ನಿಸಿತ್ತೋ ಅದೇ ನೋಟಕ್ಕೆ ಚಿತ್ರ ಮರಳುವುದು ಇಲ್ಲಿ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿ ಗೌರವ ಪಡೆದ ಈ ಕೃತಿಯನ್ನು ಓದುವಾಗ ಈ ಎರಡು ಮುಖಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕಾಗುತ್ತದೆ.

4. ಮುಖವಿಲ್ಲದವರು

ಡಿಸ್ನಿಯ 'ಡಂಬೊ' (1941) ಮಕ್ಕಳ ಚಿತ್ರವೆಂದು ಪರಿಗಣಿತವಾದರೂ ಸರ್ಕಸ್ಸಿನ ದೈಹಿಕ ದುಡಿಮೆಯನ್ನು ನೇರವಾಗಿ ತೋರಿಸುವ ಅಪರೂಪದ ಕೃತಿ. ರಾತ್ರಿ ಬಿರುಮಳೆಯಲ್ಲಿ ಕೂಲಿಗಳು ಆನೆಗಳೊಡನೆ ಡೇರೆಯ ಕಂಬಗಳನ್ನೆತ್ತುವ ದೃಶ್ಯ ಇಲ್ಲಿದೆ. ಕಪ್ಪು ಮೈಬಣ್ಣದ ಆ ಕೂಲಿಗಳಿಗೆ ಚಿತ್ರಕಾರರು ಮುಖವನ್ನೇ ಬರೆದಿಲ್ಲ. ಅವರು ಓದುಬರಹ ಬಾರದವರು, ಸಂಬಳವನ್ನು ದುಂದು ಮಾಡಿ ಸುಖವಾಗಿರುವವರು ಎಂದು ಹಿನ್ನೆಲೆಯ ಹಾಡು ಬಣ್ಣಿಸುತ್ತದೆ. ಶ್ರಮವನ್ನು ತೋರಿಸುತ್ತಲೇ ಶ್ರಮಿಕನನ್ನು ಅಳಿಸುವ ಈ ಕ್ರಮ ಅಂದಿನ ಜನಾಂಗೀಯ ಪೂರ್ವಗ್ರಹದ ಸ್ಪಷ್ಟ ನಿದರ್ಶನ.

ಇದೇ ಚಿತ್ರದಲ್ಲಿ ಮರಿಯಾನೆಯನ್ನು ಉರಿಯುವ ಕಟ್ಟಡದ ಮೇಲಿಂದ ಬೀಳಿಸಿ ಜನರನ್ನು ನಗಿಸಿದ ವಿದೂಷಕರು, ಎತ್ತರವನ್ನು ಇನ್ನಷ್ಟು ಹೆಚ್ಚಿಸಲು ಯೋಚಿಸುತ್ತಾರೆ. ಮರಿಗೆ ಪೆಟ್ಟಾದೀತೆಂದು ಒಬ್ಬ ಎಚ್ಚರಿಸಿದರೆ, ಆನೆಗಳಿಗೆ ಭಾವನೆಯೇ ಇಲ್ಲ, ಅವು ರಬ್ಬರಿನವು ಎಂಬ ಉತ್ತರ ಬರುತ್ತದೆ. ನೋವಿಲ್ಲದ ದೇಹವೆಂಬ ಸರ್ಕಸ್ಸಿನ ಮೂಲನಂಬಿಕೆ ಇಷ್ಟು ಬೆತ್ತಲೆಯಾಗಿ ಬೇರೆಲ್ಲೂ ವ್ಯಕ್ತವಾಗಿಲ್ಲ. ಬಳಿಕ ಆ ವಿದೂಷಕರು ಸಂಬಳ ಹೆಚ್ಚಿಸಲು ಕೇಳೋಣವೆಂದು ಮಾಲೀಕನ ಬಳಿಗೆ ಹೊರಡುತ್ತಾರೆ. 1941ರ ಮೇ ತಿಂಗಳಿನಲ್ಲಿ ಡಿಸ್ನಿ ಸ್ಟುಡಿಯೋದ ಚಿತ್ರಕಾರರು ಮುಷ್ಕರ ಹೂಡಿದ್ದರು. ಚಿತ್ರ ತೆರೆಕಂಡದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಈ ದೃಶ್ಯವನ್ನು ಮುಷ್ಕರ ನಿರತರ ಅಣಕವಾಗಿ ವಿಮರ್ಶಕರು ಓದಿರುವುದಕ್ಕೆ ಕಾರಣವಿದೆ. ಚಾಪ್ಲಿನ್ ಚಿತ್ರದಲ್ಲಿ ನ್ಯಾಯವಾಗಿದ್ದ ಸಂಬಳದ ಬೇಡಿಕೆ ಇಲ್ಲಿ ಕ್ರೂರಿಗಳ ಬೇಡಿಕೆಯಾಗಿದೆ.

5. ನೋವಿನಿಂದ ನಿಷ್ಠೆಯೆಡೆಗೆ

ಸೆಸಿಲ್ ಬಿ. ಡಿಮಿಲ್‌ನ 'ದಿ ಗ್ರೇಟೆಸ್ಟ್ ಶೋ ಆನ್ ಅರ್ತ್' (1952) ರಿಂಗ್ಲಿಂಗ್ ಬ್ರದರ್ಸ್ ಅಂಡ್ ಬಾರ್ನಮ್ ಅಂಡ್ ಬೈಲಿ ಕಂಪನಿಯ ಸಹಕಾರದಿಂದ, ಅದರ ನಿಜವಾದ ಡೇರೆ, ಕಲಾವಿದರು ಮತ್ತು ಪ್ರಾಣಿಗಳನ್ನು ಬಳಸಿ ತಯಾರಾದ ಚಿತ್ರ. ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಇಲ್ಲಿ ಅಪಾಯವಿದೆ: ಬಲೆಯಿಲ್ಲದೆ ಆಡಿದ ಜೋಕಾಲಿಯ ಕಲಾವಿದ ಬಿದ್ದು ಕೈಯ ಸ್ವಾಧೀನ ಕಳೆದುಕೊಳ್ಳುತ್ತಾನೆ, ರೈಲು ಅಪಘಾತ ಇಡೀ ಕಂಪನಿಯನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಆದರೆ ಈ ನೋವುಗಳೆಲ್ಲ ಆಟ ನಿಲ್ಲಬಾರದು ಎಂಬ ಧ್ಯೇಯಕ್ಕೆ ಸಲ್ಲುವ ಕಾಣಿಕೆಗಳಾಗುತ್ತವೆ. ಗಾಯಗೊಂಡ ವ್ಯವಸ್ಥಾಪಕ ಮಲಗಿದಲ್ಲಿಂದಲೇ ಆಟ ನಡೆಸಬಯಸುತ್ತಾನೆ. ಡೇರೆಯಿಲ್ಲದೆ ಬಯಲಿನಲ್ಲೇ ಪ್ರದರ್ಶನ ನಡೆಯುತ್ತದೆ. ಪ್ರೇಕ್ಷಕರನ್ನು ಡಿಮಿಲ್ ಐಸ್‌ಕ್ರೀಮ್ ತಿನ್ನುತ್ತ ಬೆರಗಾಗುವ ಮುಗ್ಧ ಮುಖಗಳಾಗಿ ತೋರಿಸುತ್ತಾನೆ. ಅವರ ಮೇಲೆ ಈಗ ಯಾವ ಆರೋಪವೂ ಇಲ್ಲ. ಹೆಂಡತಿಯ ನರಳಾಟ ಕೊನೆಗಾಣಿಸಲು ಅವಳ ಪ್ರಾಣ ತೆಗೆದು ತಲೆಮರೆಸಿಕೊಂಡ ವೈದ್ಯ, ವಿದೂಷಕನ ಬಣ್ಣವನ್ನು ಎಂದೂ ಅಳಿಸದವನು, ಹಳೆಯ ಚಿತ್ರಗಳ ನೋವಿನ ವಿದೂಷಕನ ಉಳಿಕೆಯಂತೆ ಕಾಣುತ್ತಾನೆ. ಜೇಮ್ಸ್ ಸ್ಟೂವರ್ಟ್ ಅಭಿನಯಿಸಿದ ಈ ಪಾತ್ರವೂ ಕೊನೆಯಲ್ಲಿ ಕಂಪನಿಯ ಉಳಿವಿಗಾಗಿಯೇ ತನ್ನನ್ನು ಒಪ್ಪಿಸಿಕೊಳ್ಳುತ್ತದೆ.

ಕ್ಯಾರಲ್ ರೀಡ್‌ನ 'ಟ್ರಪೀಜ್' (1956) ಈ ಸಾಮೂಹಿಕ ವೈಭವದಿಂದ ವ್ಯಕ್ತಿಯ ದೇಹದೆಡೆಗೆ ಮರಳುತ್ತದೆ. ಪ್ಯಾರಿಸ್ಸಿನ ಸರ್ಕಸ್ ಭವನದಲ್ಲಿ ನಡೆಯುವ ಈ ಕಥೆಯ ನಾಯಕ ಗಾಳಿಯಲ್ಲಿ ಮೂರು ಲಾಗ ಹಾಕುವ ಆಟದಲ್ಲಿ ಬಿದ್ದು ಕುಂಟನಾದವನು. ಅದೇ ಅಪಾಯವನ್ನು ಯುವಕನೊಬ್ಬನಿಗೆ ಕಲಿಸಬೇಕಾದ ಸಂಕಟ ಅವನದು. ಪಾತ್ರಧಾರಿ ಬರ್ಟ್ ಲ್ಯಾಂಕಾಸ್ಟರ್ ನಟನಾಗುವ ಮೊದಲು ಸರ್ಕಸ್ ಕಲಾವಿದನಾಗಿದ್ದವನು. ಕೆಲಸಗಾರನ ಕೌಶಲವನ್ನು ಕೆಲಸಗಾರನ ಕಣ್ಣಿನಿಂದಲೇ ನೋಡುವ ಗುಣ ಈ ಚಿತ್ರಕ್ಕೆ ಬಂದಿರುವುದು ಇದರಿಂದಿರಬಹುದು.

6. ಚಿತ್ರಗಳು ಬಿಟ್ಟುಕೊಟ್ಟ ಚರಿತ್ರೆ

ಈ ಚಿತ್ರಗಳನ್ನು ಎರಡು ಐತಿಹಾಸಿಕ ದುರಂತಗಳ ಪಕ್ಕದಲ್ಲಿಟ್ಟು ನೋಡಬೇಕು. 1918ರ ಜೂನ್ 22ರಂದು ಇಂಡಿಯಾನಾ ರಾಜ್ಯದಲ್ಲಿ ಹ್ಯಾಗೆನ್‌ಬೆಕ್–ವಾಲೆಸ್ ಸರ್ಕಸ್ಸಿನ ರೈಲಿಗೆ ಹಿಂದಿನಿಂದ ಖಾಲಿ ಸೈನಿಕ ರೈಲೊಂದು ಡಿಕ್ಕಿ ಹೊಡೆದು ಸುಮಾರು 86 ಮಂದಿ ಸತ್ತರು. ಸತ್ತವರಲ್ಲಿ ಅನೇಕರು ಆಗತಾನೆ ಸೇರಿದ್ದ ಕೂಲಿಗಳಾದ್ದರಿಂದ ಅವರ ಹೆಸರುಗಳೇ ಗೊತ್ತಾಗಲಿಲ್ಲ. ಷಿಕಾಗೋ ಬಳಿಯ ಸ್ಮಶಾನದಲ್ಲಿ ಅವರ ಸಮಾಧಿಗಳ ಮೇಲೆ 'ಅಪರಿಚಿತ ಪುರುಷ', 'ಬೋಳುತಲೆಯವ', 'ನಾಲ್ಕು ಕುದುರೆಗಳ ಸಾರಥಿ' ಎಂಬಂಥ ಗುರುತುಗಳಿವೆ. 1944ರ ಜುಲೈ 6ರಂದು ಹಾರ್ಟ್‌ಫರ್ಡ್ ನಗರದಲ್ಲಿ ರಿಂಗ್ಲಿಂಗ್ ಕಂಪನಿಯ ಡೇರೆಗೆ ಬೆಂಕಿ ತಗುಲಿ 160ಕ್ಕೂ ಹೆಚ್ಚು ಪ್ರೇಕ್ಷಕರು ಮರಣಹೊಂದಿದರು. ನೀರು ಸೋರದಿರಲೆಂದು ಡೇರೆಯ ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಮೇಣವನ್ನು ಬಳಿಯಲಾಗಿತ್ತು. ಅದೇ ಕಂಪನಿಯ ಸಹಕಾರದಿಂದ ಎಂಟು ವರ್ಷಗಳ ಬಳಿಕ ಬಂದ ಡಿಮಿಲ್‌ನ ಚಿತ್ರದ ಕಥೆಯಲ್ಲಿ ಈ ಬೆಂಕಿಗೆ ಸ್ಥಾನವಿಲ್ಲ. ಅಲ್ಲಿ ಅಪಘಾತಕ್ಕೆ ಕಾರಣ ದುಷ್ಟ ವ್ಯಕ್ತಿಗಳ ಸಂಚು. ಕಂಪನಿಯ ಹೊಣೆಗಾರಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಒಟ್ಟಾರೆಯಾಗಿ, 1924ರಿಂದ 1932ರವರೆಗಿನ ಚಿತ್ರಗಳು ನಗುವ ಪ್ರೇಕ್ಷಕನನ್ನು ಕಟಕಟೆಯಲ್ಲಿ ನಿಲ್ಲಿಸಿದವು. 1950ರ ದಶಕದ ಹೊತ್ತಿಗೆ ಹಾಲಿವುಡ್ ಅವನನ್ನು ಬಹುಮಟ್ಟಿಗೆ ಬಿಡುಗಡೆ ಮಾಡಿತು. ರಿಂಗ್ಲಿಂಗ್ ಕಂಪನಿ 1956ರ ಜುಲೈನಲ್ಲಿ ಬೃಹತ್ ಡೇರೆಯನ್ನು ಕೈಬಿಟ್ಟಿತು, 2016ರಲ್ಲಿ ಆನೆಗಳನ್ನು ನಿವೃತ್ತಿಗೊಳಿಸಿತು, 2017ರಲ್ಲಿ ಆಟವನ್ನೇ ನಿಲ್ಲಿಸಿ 2023ರಲ್ಲಿ ಪ್ರಾಣಿಗಳಿಲ್ಲದೆ ಮರಳಿ ಬಂದಿತು. ಆನೆಗೂ ನೋವಿದೆ ಎಂಬುದನ್ನು ಸಮಾಜ ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು. ಆದರೆ ವಿದೂಷಕನಿಗೆ, ಜೋಕಾಲಿಯ ಕಲಾವಿದನಿಗೆ, ಕಡೆಗೆ ಆನೆಯ ಮರಿಗೂ ದೊರೆತ ಮುಖ ಈ ಆರು ಚಿತ್ರಗಳಲ್ಲಿ ಡೇರೆ ಎತ್ತಿದ ಕೂಲಿಗೆ ದೊರೆಯಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಇಲ್ಲದ ಹೆಸರು ತೆರೆಯ ಮೇಲೂ ಇಲ್ಲ. ಸರ್ಕಸ್ ಚಿತ್ರಗಳ ಮುಂದಿನ ಅಧ್ಯಯನಗಳು ಕಣದ ಬೆಳಕಿನಿಂದಾಚೆಗೆ ಹೊರಳಿ, ಹಗ್ಗ ಎಳೆದವರನ್ನೂ ಗೂಟ ಹೊಡೆದವರನ್ನೂ ತಮ್ಮ ಪರಿಶೀಲನೆಯೊಳಕ್ಕೆ ತಂದುಕೊಳ್ಳುವುದು ಅಗತ್ಯ.