ಚಿರತೆ ಕಾವಲಿಗೆ ರಾಟ್‌ವೈಲರ್ ಬೇಕೆ?

ಪ್ರಶ್ನೆ: ಲೊಕ್ಕನಹಳ್ಳಿ ಸಮೀಪ ತೋಟದ ಮನೆಯಲ್ಲಿದ್ದೇವೆ. ಚಿರತೆ ಭಯವಿದೆ. ರಾಟ್‌ವೈಲರ್ ದನ ಕಾಯುವ ತಳಿಯೆಂದು ಮಗ ಮರಿ ತರಲು ಹೊರಟಿದ್ದಾನೆ. ತರಬಹುದೇ? ನಿಷೇಧವಿದೆಯೇ?

ಪಶುವೈದ್ಯರ ಉತ್ತರ: ಚಿರತೆಗೆಂದೇ ಆದರೆ ಬೇಡ. ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರು ದನಗಳನ್ನು ಹೊಡೆದುಕೊಂಡು ಹೋಗಲು ಬಳಸುತ್ತಿದ್ದ ನಾಯಿ ಇದು. ಹೊರಗೆ ಕಟ್ಟಿದರೆ ಚಿರತೆಗೆ ಅದೇ ತುತ್ತಾದೀತು. ಆ ಹಣದಲ್ಲಿ ಕೊಟ್ಟಿಗೆಗೆ ಗಟ್ಟಿ ಬಾಗಿಲು, ಕಿಟಕಿಗೆ ಕಬ್ಬಿಣದ ಜಾಲರಿ, ಹೊರಗೊಂದು ದೀಪ ಹಾಕಿಸಿ. ದನ ಬಲಿಯಾದರೆ ಕಳೇಬರ ಕದಲಿಸದೆ ತಕ್ಷಣ ಅರಣ್ಯ ಇಲಾಖೆಗೆ ತಿಳಿಸಿ. ಸ್ಥಳ ಪರಿಶೀಲನೆಯಾಗದೆ ಪರಿಹಾರ ಸಿಗುವುದು ಕಷ್ಟ.

ಈ ತಳಿಯೂ ಸೇರಿದಂತೆ ಹಲವು ನಾಯಿಗಳ ಮಾರಾಟ, ಸಂತಾನೋತ್ಪತ್ತಿ ತಡೆಯಲು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಈಗಿನ ನಿಯಮವನ್ನು ಕೊಳ್ಳುವ ಮುನ್ನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಯಾರನ್ನಾದರೂ ಕಚ್ಚಿದರೆ ಹೊಣೆ ನಿಮ್ಮದೇ.

ಮನೆಗಾವಲಿಗೆಂದು ಸಾಕುವುದಾದರೆ ಇಷ್ಟು ಗಮನಿಸಿ:

• ಗಂಡು ನಾಯಿ 50 ಕೆ.ಜಿ. ದಾಟಬಲ್ಲದು. ಹಿಡಿದು ನಿಲ್ಲಿಸುವ ಶಕ್ತಿ, ದಿನವೂ ತರಬೇತಿಗೆ ಬಿಡುವು ಮಗನಿಗಿರಬೇಕು.
• ಎರಡು ತಿಂಗಳು ತುಂಬದ ಮರಿ ತರಬೇಡಿ. ತಂದೆ-ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಿ.
• ಪಾರ್ವೊ, ಡಿಸ್ಟೆಂಪರ್ ಲಸಿಕೆ ತಪ್ಪಿಸಬೇಡಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ.
• ಬೇಸಿಗೆಯಲ್ಲಿ ನೆರಳು, ನೀರು ಇರಲಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯಿರಿ.
• ದನದ ಜೊತೆ ಕಾಡಿಗೆ ಬಿಡಲೇಬೇಡಿ.

ಮರಿಗೆ ವಾಂತಿ, ರಕ್ತಭೇದಿ ಕಂಡರೆ ಅಂದೇ ವೈದ್ಯರ ಬಳಿ ಒಯ್ಯಿರಿ. ಹಿಂಗಾಲು ಕುಂಟಿದರೂ ತೋರಿಸಿ.